ಗುಡ್ಡ ಹತ್ತದೆ ಆಚೆ ಬಂದ ಆಲ್ಫಾ

ಸಕಲೇಶಪುರದ ಕಡೆಯ ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ಪೆಟ್ರೋಮ್ಯಾಕ್ಸ್ ದೀಪ ಇದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ, ಸುಗ್ಗಿ ಹಬ್ಬದ ರಾತ್ರಿಗಳಲ್ಲಿ ಅದೇ ದಿಕ್ಕು. ಅಪ್ಪ ಪಂಪ್ ಹೊಡೆಯುತ್ತಿದ್ದರು. ಸೀಮೆಎಣ್ಣೆಯ ಆವಿ ಬುಸುಗುಡುತ್ತ ಬಂದು, ಗಾಜಿನೊಳಗೆ ತೂಗುತ್ತಿದ್ದ ಬಲೆಯಂಥ ಚೀಲ ಒಮ್ಮೆಲೇ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿಯುತ್ತಿತ್ತು. ಆ ಚೀಲವೇ ಮ್ಯಾಂಟಲ್. ಹೊಸದರಲ್ಲಿ ಅದು ಮೆತ್ತನೆಯ ಬಟ್ಟೆ. ಮೊದಲ ಸಲ ಬೆಂಕಿ ತಾಗಿಸಿದಾಗ ನೂಲೆಲ್ಲ ಸುಟ್ಟುಹೋಗಿ ಬೂದಿಯ ಹಂದರವೊಂದೇ ಉಳಿಯುತ್ತದೆ. ಒಂದು ಹುಳ ಹಾರಿ ಬಂದು ತಾಗಿದರೂ ಉದುರಿತು. "ಹತ್ರ ಹೋಗ್ಬೇಡ ಕಣೋ, ಮ್ಯಾಂಟ್ಲು ಬಿದ್ದೋಗುತ್ತೆ" ಎಂದು ಅಮ್ಮ ಗದರುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ.

ಆ ಬೂದಿ ಬಹುಪಾಲು ಥೋರಿಯಂ ಆಕ್ಸೈಡ್. ಥೋರಿಯಂ ವಿಕಿರಣಶೀಲ ಧಾತು ಎಂದು ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗಿನ ಹಲವು ಮ್ಯಾಂಟಲ್‌ಗಳಲ್ಲಿ ಥೋರಿಯಂ ಬದಲು ಇಟ್ರಿಯಂ ಹಾಕುತ್ತಾರೆ. ಆದರೆ ಅಟ್ಟ ಗುಡಿಸುವಾಗ ನನಗೆ ತುಕ್ಕು ಹಿಡಿದ ಡಬ್ಬಿಯೊಂದರಲ್ಲಿ ಸಿಕ್ಕಿದ್ದು ಹಳೆಯ ಕಾಲದ, ಇನ್ನೂ ಸುಡದ ಎರಡು ಮ್ಯಾಂಟಲ್‌ಗಳು. ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹಾಸನದ ಕಾಲೇಜಿಗೆ ಒಯ್ದೆ. ನಾನು ಅಲ್ಲಿ ಬಿಎಸ್ಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೇನೆ. (ಸುಟ್ಟ ಮ್ಯಾಂಟಲ್ ಆಗಿದ್ದರೆ ಒಯ್ಯುತ್ತಿರಲಿಲ್ಲ. ಥೋರಿಯಂ ಹೊರಸೂಸುವ ಆಲ್ಫಾ ಎಂಬ ಕಣ ಚರ್ಮ ದಾಟಲಾರದು, ಆದರೆ ಅದನ್ನು ಉಗುಳುವ ಬೂದಿ ಉಸಿರಿನಲ್ಲಿ ಶ್ವಾಸಕೋಶ ಸೇರಿದರೆ ಮಾತು ಬೇರೆ.)

ಲ್ಯಾಬಿನ ಗೈಗರ್ ಕೌಂಟರಿನ ತೆಳು ಅಭ್ರಕದ ಕಿಟಕಿಯ ಹತ್ತಿರ ಮ್ಯಾಂಟಲ್ ಹಿಡಿದೆವು. ಸುಮ್ಮನೆ ಇಟ್ಟಾಗ ಆಗೊಂದು ಈಗೊಂದು ಟಿಕ್ ಎನ್ನುತ್ತಿದ್ದ ಯಂತ್ರ ಹುರಿಗಡಲೆ ಸಿಡಿದ ಹಾಗೆ ಸದ್ದು ಮಾಡತೊಡಗಿತು. ನಡುವೆ ಒಂದು ಹಾಳೆ ತೂರಿಸಿದಾಗ ಸದ್ದು ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಇಳಿದ ಪಾಲು ಹಾಳೆ ತಡೆದ ಆಲ್ಫಾ ಕಣಗಳದ್ದು. ಉಳಿದದ್ದು ಥೋರಿಯಂನ ಮರಿಮಕ್ಕಳು ಹೊರಬಿಡುವ ಬೀಟಾ, ಗಾಮಾ ವಿಕಿರಣ.

ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸಾರ್, ಹಿಂದಿನ ಕ್ಲಾಸಲ್ಲಿ ನೀವೇ ಹೇಳಿದ್ರಿ, ಆಲ್ಫಾಗೆ ಆ ಗುಡ್ಡ ಹತ್ತೋಷ್ಟು ಶಕ್ತಿ ಇಲ್ಲ ಅಂತ. ಮತ್ತೆ ಆಚೆಗೆ ಹೆಂಗ್ ಬಂತು ಸಾರ್?"

ಇದು ಒಳ್ಳೆಯ ಪ್ರಶ್ನೆ. 1928ರವರೆಗೆ ಜಗತ್ತಿನಲ್ಲಿ ಯಾರ ಬಳಿಯೂ ಇದಕ್ಕೆ ಸರಿಯಾದ ಉತ್ತರ ಇರಲಿಲ್ಲ.

ಮೊದಲು ಗುಡ್ಡ ಯಾವುದು ಎಂದು ನೋಡೋಣ. ಥೋರಿಯಂ ನ್ಯೂಕ್ಲಿಯಸ್ಸಿನಲ್ಲಿ 90 ಪ್ರೋಟಾನು, 142 ನ್ಯೂಟ್ರಾನು ಒತ್ತೊತ್ತಾಗಿ ಕೂತಿವೆ. ಎರಡು ಪ್ರೋಟಾನು, ಎರಡು ನ್ಯೂಟ್ರಾನು ಸೇರಿದ ಗಂಟು ಆಲ್ಫಾ ಕಣ. ಈ ಗಂಟು ಬಹಳ ಬಿಗಿ. ಆ ಬಿಗಿಯಿಂದ ಉಳಿಯುವ ಶಕ್ತಿಯಿಂದಲೇ ಭಾರದ ನ್ಯೂಕ್ಲಿಯಸ್ಸಿಗೆ ಆಲ್ಫಾವನ್ನು ಕಳಿಸಿಬಿಡುವುದು ಲಾಭದ ವ್ಯಾಪಾರ. ಬಿಡಿ ಪ್ರೋಟಾನನ್ನು ಕಳಿಸಹೋದರೆ ಅದಕ್ಕೆ ನಷ್ಟ. ಒಳಗೆ ಇರುವಷ್ಟು ಹೊತ್ತು ಆಲ್ಫಾವನ್ನು ನ್ಯೂಕ್ಲಿಯರ್ ಬಲ ಬಿಗಿಯಾಗಿ ಹಿಡಿದಿರುತ್ತದೆ. ಈ ಬಲದ ಕೈ ತೀರ ಗಿಡ್ಡ. ಅಂಚು ದಾಟಿದೊಡನೆ ಅದು ಇಲ್ಲವೇ ಇಲ್ಲ, ಅಲ್ಲಿಂದಾಚೆ ಇರುವುದು ವಿದ್ಯುತ್ ವಿಕರ್ಷಣೆ ಮಾತ್ರ. ಆಲ್ಫಾ ಧನ, ಉಳಿದ ನ್ಯೂಕ್ಲಿಯಸ್ಸೂ ಧನ. ಎರಡೂ ಒಂದನ್ನೊಂದು ದೂರ ನೂಕುತ್ತವೆ.

ಇದನ್ನು ಚಿತ್ರ ಬಿಡಿಸಿದರೆ ಒಂದು ಗುಡ್ಡ ಬರುತ್ತದೆ. ಅದರ ನಡುವೆ ಬಾವಿಯಂತೆ ಆಳವಾದ ಗುಂಡಿ, ಹೊರಗೆ ಉದ್ದಕ್ಕೆ ಚಾಚಿದ ಇಳಿಜಾರು. ಗುಂಡಿಯೊಳಗೆ ಆಲ್ಫಾ. ಅಳತೆಗೆ ಇಲ್ಲಿ ಫೆಮ್ಟೊಮೀಟರ್ ಬೇಕು, ಅಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಭಾಗ. ಶಕ್ತಿಗೆ ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಚಿಕ್ಕದಾಗಿ ಎಂಇವಿ. ನ್ಯೂಕ್ಲಿಯಸ್ಸಿನ ಅಂಚು ನಡುವಿನಿಂದ ಸುಮಾರು 9 ಫೆಮ್ಟೊಮೀಟರ್ ದೂರದಲ್ಲಿದೆ. ಅಲ್ಲಿ ಗುಡ್ಡದ ನೆತ್ತಿ ಸುಮಾರು 27 ಎಂಇವಿ ಎತ್ತರ. ಆಲ್ಫಾಗೆ ಇರುವ ಶಕ್ತಿ ಬರೀ 4 ಎಂಇವಿ. ಆಚೆಯ ಇಳಿಜಾರು 4 ಎಂಇವಿ ಮಟ್ಟಕ್ಕೆ ಇಳಿಯುವುದು ಸುಮಾರು 62 ಫೆಮ್ಟೊಮೀಟರ್ ದೂರದಲ್ಲಿ. ನಡುವಿನ ಐವತ್ತು ಚಿಲ್ಲರೆ ಫೆಮ್ಟೊಮೀಟರ್ ಪೂರ್ತಿ ಆಲ್ಫಾದ ತಲೆಗಿಂತ ಮೇಲೆ ಎದ್ದು ನಿಂತ ಗುಡ್ಡ.

ಹೇಗೋ ಎಲ್ಲಿಂದಲೋ ಸ್ವಲ್ಪ ಶಕ್ತಿ ಸಿಕ್ಕು ಗುಡ್ಡ ಹತ್ತಿ ಇಳಿದಿರಬಹುದಲ್ಲ? ಇಲ್ಲ, ಅದಕ್ಕೆ ಸಾಕ್ಷಿ ಇದೆ. ಮುಳ್ಳಯ್ಯನಗಿರಿಯ ನೆತ್ತಿಯಿಂದ ಒಂದು ಕಲ್ಲು ಉರುಳಿತು ಎನ್ನಿ. ದಾರಿಯಲ್ಲಿ ಏನೂ ಅಡ್ಡ ಬರದಿದ್ದರೆ ಅದು ಬುಡಕ್ಕೆ ಬರುವಾಗಿನ ವೇಗ ನೋಡಿಯೇ ಎಷ್ಟು ಎತ್ತರದಿಂದ ಹೊರಟಿತು ಎಂದು ಲೆಕ್ಕ ಹಾಕಬಹುದು. ಥೋರಿಯಂನ ಆಲ್ಫಾ ನೆತ್ತಿಯ ಮೇಲಿಂದ ಬಂದಿದ್ದರೆ ಹೊರಗೆ 27 ಎಂಇವಿ ಹೊತ್ತು ಬರಬೇಕಿತ್ತು. ಅಳೆದರೆ ಸಿಗುವುದು ನಾಲ್ಕೇ. ಅಂದರೆ ಈ ಕಲ್ಲು ನೆತ್ತಿಯನ್ನು ನೋಡಿಯೇ ಇಲ್ಲ. ಬುಡದ ಹತ್ತಿರ, ಇಳಿಜಾರಿನ ಮಗ್ಗುಲಲ್ಲಿ ದಿಢೀರನೆ ಕಾಣಿಸಿಕೊಂಡು ಅಲ್ಲಿಂದ ಉರುಳಿದೆ.

ನ್ಯೂಕ್ಲಿಯಸ್ಸನ್ನು ಕಂಡುಹಿಡಿದ ರದರ್‌ಫರ್ಡ್ ಅವರನ್ನು ಕಾಡಿದ್ದೂ ಇದೇ. ಯುರೇನಿಯಂ ಕೂಡ ಸುಮಾರು 4 ಎಂಇವಿಯ ಆಲ್ಫಾ ಸಿಡಿಸುತ್ತದೆ. ಅದಕ್ಕೆ ಹೆಚ್ಚುಕಮ್ಮಿ ಇಮ್ಮಡಿ ಶಕ್ತಿಯ ಆಲ್ಫಾಗಳನ್ನು ಹೊರಗಿನಿಂದ ಯುರೇನಿಯಂ ಮೇಲೆ ಹೊಡೆದರೂ ಅವು ವಿಕರ್ಷಣೆಯ ಇಳಿಜಾರಿನಿಂದಲೇ ವಾಪಸು ಬರುತ್ತಿದ್ದವು. ಹೊರಗಿನ ಎಂಟಕ್ಕೆ ದಾಟಲಾಗದ ಗುಡ್ಡವನ್ನು ಒಳಗಿನ ನಾಲ್ಕು ದಾಟುತ್ತಿದೆ! 1927ರಲ್ಲಿ ರದರ್‌ಫರ್ಡ್ ಒಂದು ಸಮಾಧಾನ ಸೂಚಿಸಿದರು: ಆಲ್ಫಾ ಒಳಗಿನಿಂದ ಎರಡು ಎಲೆಕ್ಟ್ರಾನ್ ಜೊತೆ ಹೊರಡುತ್ತದೆ, ಹಾಗಾಗಿ ಅದರ ಮೇಲೆ ವಿದ್ಯುದಂಶವೇ ಇರುವುದಿಲ್ಲ, ದೂರ ಹೋದ ಮೇಲೆ ಎಲೆಕ್ಟ್ರಾನ್ ಬಿಟ್ಟುಬಿಡುತ್ತದೆ ಎಂದು. ಬುದ್ಧಿವಂತ ಊಹೆ. ನಿಲ್ಲಲಿಲ್ಲ.

1928ರ ಬೇಸಿಗೆಯಲ್ಲಿ ಜರ್ಮನಿಯ ಗಟಿಂಗೆನ್‌ಗೆ ಬಂದಿದ್ದ ಒಡೆಸ್ಸಾ ಊರಿನ ಜಾರ್ಜ್ ಗ್ಯಾಮೊ ಎಂಬ 24ರ ಹುಡುಗ ಲೈಬ್ರರಿಯಲ್ಲಿ ಕೂತು ರದರ್‌ಫರ್ಡ್ ಅವರ ಈ ಲೇಖನ ಓದಿದ. ಕ್ವಾಂಟಂ ಯಂತ್ರಶಾಸ್ತ್ರ ಹುಟ್ಟಿ ಆಗಿನ್ನೂ ಎರಡು ಮೂರು ವರ್ಷ. ಅದನ್ನು ಎಲ್ಲರೂ ಪರಮಾಣುವಿನ ಎಲೆಕ್ಟ್ರಾನುಗಳಿಗೆ ಅನ್ವಯಿಸುತ್ತಿದ್ದರು. ಗ್ಯಾಮೊ ನ್ಯೂಕ್ಲಿಯಸ್ಸಿಗೆ ಹಚ್ಚಿದ. ಅದೇ ಹೊತ್ತಿಗೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಗರ್ನಿ ಮತ್ತು ಕಾಂಡನ್ ಇಬ್ಬರೂ ತಮ್ಮ ಪಾಡಿಗೆ ಅದೇ ಉತ್ತರಕ್ಕೆ ಬಂದಿದ್ದರು. ಪಠ್ಯಪುಸ್ತಕಗಳಲ್ಲಿ ಗ್ಯಾಮೊ ಹೆಸರಿನ ಎದುರು ಈ ಇಬ್ಬರೂ ಸ್ವಲ್ಪ ಮಸುಕಾಗಿದ್ದಾರೆ ಎಂಬುದು ನನ್ನ ತಕರಾರು.

ಅವರು ಕಂಡದ್ದಕ್ಕೆ ಇಂಗ್ಲಿಷಿನಲ್ಲಿ ಟನೆಲಿಂಗ್ ಎಂಬ ಹೆಸರು ಬಿತ್ತು, ನಾವು ಸುರಂಗ ಎಂದೆವು. ನಮ್ಮ ಕಡೆ ಪಾಠ ಮಾಡುವವರಿಗೆ ಈ ಶಬ್ದ ಕೊಡುವ ಕಾಟ ಅಷ್ಟಿಷ್ಟಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲು ಮಾರ್ಗದಲ್ಲಿ 57 ಸುರಂಗಗಳಿವೆ. ಅದರಲ್ಲಿ ಓಡಾಡಿದ ಮಕ್ಕಳಿಗೆ ಸುರಂಗ ಎಂದರೆ ಕಲ್ಲು ಕೊರೆದ ತೂತು, ಒಳಗೆ ಕತ್ತಲೆ, ಆ ತುದಿಯಲ್ಲಿ ಬೆಳಕು. ಆಲ್ಫಾ ಗುಡ್ಡ ಕೊರೆಯುವುದಿಲ್ಲ. ಅದು ಹೋದ ಮೇಲೆ ಗುಡ್ಡದಲ್ಲಿ ತೂತೂ ಇರುವುದಿಲ್ಲ. ಅದರ ಶಕ್ತಿ ಮೊದಲೂ 4, ಆಮೇಲೂ 4. ಕೆಲವು ಜನಪ್ರಿಯ ಪುಸ್ತಕಗಳಲ್ಲಿ ಇನ್ನೊಂದು ವಿವರಣೆ ಇರುತ್ತದೆ: ಕಣ ಕ್ಷಣಕಾಲಕ್ಕೆ ಶಕ್ತಿಯನ್ನು ಸಾಲ ತಂದು, ಗುಡ್ಡ ಹತ್ತಿ ಇಳಿದು, ಯಾರೂ ನೋಡುವ ಮೊದಲೇ ಸಾಲ ತೀರಿಸಿಬಿಡುತ್ತದೆ ಎಂದು. ಕೇಳಲು ಚೆನ್ನ. ಆದರೆ ಲೆಕ್ಕ ಮಾಡುವಾಗ ಎಲ್ಲೂ ಸಾಲ ಇಲ್ಲ, ಬಡ್ಡಿಯೂ ಇಲ್ಲ. ನಾನು ಕ್ಲಾಸಿನಲ್ಲಿ ಈ ಉಪಮೆ ಬಿಟ್ಟು ಬಹಳ ವರ್ಷವಾಯಿತು.

ಅದರ ಬದಲು ಒಂದು ಗಾಜಿನ ಲೋಟ ತರಿಸುತ್ತೇನೆ. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಲೋಟದ ತುಂಬ ನೀರು ಹಾಕಿ, ಕೈಯಲ್ಲಿ ಹಿಡಿದು, ಮೇಲಿನಿಂದ ಓರೆಯಾಗಿ ನೀರಿನ ಮೂಲಕ ಲೋಟದ ಪಕ್ಕದ ಗೋಡೆಯನ್ನು ನೋಡಿ. ಗೋಡೆ ಬೆಳ್ಳಿಯ ಕನ್ನಡಿಯಂತೆ ಹೊಳೆಯುತ್ತದೆ, ಹೊರಗೆ ಹಿಡಿದಿರುವ ನಿಮ್ಮ ಬೆರಳೇ ಕಾಣುವುದಿಲ್ಲ. ಒಳಗಿನಿಂದ ಬಂದ ಬೆಳಕು ಗಾಜಿನ ಹೊರ ಅಂಚಿಗೆ ಓರೆಯಾಗಿ ಬಡಿದು ಪೂರ್ತಿ ವಾಪಸಾಗುತ್ತಿದೆ. ಪೂರ್ಣ ಆಂತರಿಕ ಪ್ರತಿಫಲನ ಎಂದು ಪಿಯುಸಿಯಲ್ಲಿ ಓದಿದ್ದು ಇದೇ. ಈಗ ಬೆರಳನ್ನು ಸ್ವಲ್ಪ ಒದ್ದೆ ಮಾಡಿ ಗಾಜಿಗೆ ಒತ್ತಿ. ಕನ್ನಡಿಯ ನಡುವೆ ನಿಮ್ಮ ಬೆರಳಚ್ಚಿನ ಗೆರೆಗಳು ಮೂಡುತ್ತವೆ. ಗೆರೆ ಗೆರೆಯೂ ಸ್ಪಷ್ಟ, ಗೆರೆಗಳ ನಡುವಿನ ತಗ್ಗು ಮಾತ್ರ ಹಾಗೇ ಬೆಳ್ಳಿ.

ಪೂರ್ತಿ ವಾಪಸಾಯಿತು ಎಂದುಕೊಂಡ ಬೆಳಕು ಗಾಜಿನ ಅಂಚಿನಲ್ಲೇ ಕತ್ತರಿಸಿದಂತೆ ನಿಂತಿರಲಿಲ್ಲ. ಅದು ಅಲೆ. ಅಲೆಯ ಬಾಲ ಗಾಳಿಯೊಳಗೆ ಸ್ವಲ್ಪವೇ ಸ್ವಲ್ಪ, ಒಂದು ತರಂಗದೂರದ ಆಸುಪಾಸು ಚಾಚಿಕೊಂಡು ಬೇಗ ಬೇಗ ಸೊರಗಿ ಹೋಗುತ್ತಿತ್ತು. ಅದು ಸೊರಗುವ ಮೊದಲೇ ಅಷ್ಟು ಹತ್ತಿರಕ್ಕೆ ಚರ್ಮದ ಗೆರೆ ಬಂದಾಗ ಬೆಳಕು ಆಚೆಗೆ ದಾಟಿತು. ತಗ್ಗುಗಳು ಅಲೆಗೆ ನಿಲುಕದಷ್ಟು ದೂರ ಉಳಿದವು.

ಆಲ್ಫಾ ಕೂಡ ಅಲೆಯೇ. ಕ್ವಾಂಟಂ ಲೆಕ್ಕದಲ್ಲಿ ಅದನ್ನು ಗೋಲಿಯಂತೆ ಒಂದು ಜಾಗದಲ್ಲಿ ಕೂರಿಸಲು ಬರುವುದಿಲ್ಲ. ಅದಕ್ಕೊಂದು ತರಂಗ ಫಲನ ಇರುತ್ತದೆ, ಯಾವ ಜಾಗದಲ್ಲಿ ಸಿಗುವ ಸಂಭವ ಎಷ್ಟು ಎಂದು ಅದು ಹೇಳುತ್ತದೆ. ಗುಂಡಿಯೊಳಗೆ ಈ ಅಲೆ ದಟ್ಟ. ಅಂಚು ಬಂದೊಡನೆ ಅದು ಸೊನ್ನೆಯಾಗುವುದಿಲ್ಲ, ಗುಡ್ಡದೊಳಗೆ ಸೊರಗುತ್ತ ಸಾಗುತ್ತದೆ. ಗುಡ್ಡ ಎಷ್ಟೇ ಅಗಲವಿದ್ದರೂ ಮುಗಿಯುವ ಜಾಗ ಒಂದಿದ್ದರೆ, ಅಲ್ಲಿಯವರೆಗೆ ಬಾಲದ ಒಂದು ಎಳೆ ತಲುಪಿಯೇ ಇರುತ್ತದೆ. ಆ ಎಳೆಯಷ್ಟು ಸಂಭವ ಆಚೆಗೂ ಇದೆ. ಆಲ್ಫಾ ಗುಡ್ಡವನ್ನು ದಾಟಿತು ಎನ್ನುವುದಕ್ಕಿಂತ, ಮೊದಲಿನಿಂದಲೂ ಅದರ ಅಲೆ ಆಚೆಗೂ ಒಂದಿಷ್ಟು ಹರಡಿತ್ತು ಎನ್ನುವುದೇ ಸರಿ.

"ಹಾಗಾದ್ರೆ ನಾವೂ ಗೋಡೆ ತೂರಬಹುದಾ ಸಾರ್?" ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಕಣ ಭಾರವಾದಷ್ಟೂ ಬಾಲ ಗಿಡ್ಡ. ಆಲ್ಫಾದ ಭಾರಕ್ಕೇ ಐವತ್ತು ಫೆಮ್ಟೊಮೀಟರ್ ದಾಟಲು ಇಷ್ಟು ಪಾಡು. ನಮ್ಮ ತೋಟಕ್ಕೆ ಬರುವ ಆನೆ ಬೇಲಿ ದಾಟುವುದು ಕ್ವಾಂಟಂ ನಿಯಮದಿಂದಲ್ಲ, ಬೇಲಿಯನ್ನೇ ಮಲಗಿಸಿ.

ಈಗ ಪಾಡು ಎಷ್ಟು ಎಂದು ನೋಡೋಣ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ರುಚಿ ಇರುವುದು ಇಲ್ಲೇ. ಆಲ್ಫಾ ಗುಂಡಿಯೊಳಗೆ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದೆ ಎಂದು ಸರಳವಾಗಿ ಭಾವಿಸಿ. (ಆಲ್ಫಾ ಗಂಟು ಒಳಗೆ ಸದಾ ತಯಾರಾಗಿ ಇರುತ್ತದೆ ಎಂಬುದೂ ಇಲ್ಲಿ ಒಂದು ಸರಳೀಕರಣ, ಇರಲಿ.) ಗುಂಡಿ ಅತಿ ಚಿಕ್ಕದು, ವೇಗ ಅತಿ ಹೆಚ್ಚು, ಹಾಗಾಗಿ ಅದು ಸೆಕೆಂಡಿಗೆ ಸುಮಾರು 1ರ ಮುಂದೆ 21 ಸೊನ್ನೆ ಇಟ್ಟಷ್ಟು ಸಲ ಗೋಡೆ ಬಡಿಯುತ್ತದೆ. ಪ್ರತಿ ಬಡಿತದಲ್ಲೂ ಅದು ಟಾಸ್ ಹಾಕುತ್ತದೆ ಎನ್ನಿ. ಆದರೆ ಒಂದು ನಾಣ್ಯ ಅಲ್ಲ. ಗುಡ್ಡದೊಳಗೆ ಅಲೆಯ ಬಲ ಅರ್ಧಕ್ಕೆ ಇಳಿಯುವ ಪ್ರತಿ ಹೆಜ್ಜೆಗೂ ಒಂದು ನಾಣ್ಯ. ಎಲ್ಲ ನಾಣ್ಯವೂ ಒಟ್ಟಿಗೇ ಹೆಡ್ ಬಿದ್ದರೆ ಮಾತ್ರ ಬಿಡುಗಡೆ. ಥೋರಿಯಂನ ಗುಡ್ಡಕ್ಕೆ ಲೆಕ್ಕ ಹಾಕಿದರೆ ಸುಮಾರು 129 ನಾಣ್ಯ ಬೇಕಾಗುತ್ತದೆ.

129 ನಾಣ್ಯ ಒಮ್ಮೆಗೇ ಹೆಡ್ ಬೀಳುವ ಸಂಭವ 1ರ ಮುಂದೆ 38 ಸೊನ್ನೆ ಇಟ್ಟ ಸಂಖ್ಯೆಯ ಆರೇಳು ಪಟ್ಟಿನಲ್ಲಿ ಒಂದು. ಸೆಕೆಂಡಿಗೆ ಅಷ್ಟೊಂದು ಸಲ ಬಡಿದರೂ ಸಾವಿರಾರು ಕೋಟಿ ವರ್ಷ ಹಿಡಿಯುತ್ತದೆ. ನಿಜವಾಗಿ ಅಳೆದ ಥೋರಿಯಂ-232ರ ಅರ್ಧಾಯು, ಅಂದರೆ ಇದ್ದ ಪರಮಾಣುಗಳಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 1400 ಕೋಟಿ ವರ್ಷ. ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ. ಹಾಸನದ ಪಕ್ಕದ ಗೊರೂರಿನ ನೈಸ್ ಶಿಲೆಗಳಿಗೆ ಭೂವಿಜ್ಞಾನಿಗಳು ಹೇಳುವ ವಯಸ್ಸು ಸುಮಾರು 330 ಕೋಟಿ ವರ್ಷ. ಅಷ್ಟು ಹಳೆಯ ಕಲ್ಲಿನೊಳಗೆ ಹುಟ್ಟುವಾಗ ಸಿಕ್ಕಿಕೊಂಡ ಥೋರಿಯಂನಲ್ಲಿ ನೂರಕ್ಕೆ 85 ಪಾಲು ಇವತ್ತಿಗೂ ಹಾಗೇ ಕೂತಿರುತ್ತದೆ, ಇನ್ನೂ ನಾಣ್ಯ ಚಿಮ್ಮುತ್ತ.

ಅಂಥ ಥೋರಿಯಂ ನಮ್ಮ ಕೌಂಟರಿನಲ್ಲಿ ಹೇಗೆ ಟಿಕ್ ಎನ್ನುತ್ತದೆ? ಸಂಖ್ಯಾಬಲದಿಂದ. ಮ್ಯಾಂಟಲಿನಲ್ಲಿ ಕಾಲು ಗ್ರಾಂ ಥೋರಿಯಂ ಇದ್ದರೂ ಅದರಲ್ಲಿ 6ರ ಮುಂದೆ 20 ಸೊನ್ನೆ ಇಡುವಷ್ಟು ಪರಮಾಣುಗಳಿವೆ. ಒಂದೊಂದೂ ಯುಗ ಯುಗ ಕಾಯುತ್ತದೆ ನಿಜ. ಆದರೆ ಅಷ್ಟು ಜನ ಲಾಟರಿ ಆಡಿದರೆ ಪ್ರತಿ ಸೆಕೆಂಡಿಗೆ ಸುಮಾರು ಸಾವಿರ ಮಂದಿ ಗೆಲ್ಲುತ್ತಾರೆ. ಹೊಸಬರು ಗೆಲ್ಲುತ್ತಾರೋ ಹಳಬರೋ ಎಂದು ಕೇಳಿದರೆ, ಆ ಪ್ರಶ್ನೆಗೇ ಅರ್ಥವಿಲ್ಲ. ಕಾಫಿ ಗಿಡಕ್ಕೆ ವಯಸ್ಸಾಗಿ ಫಸಲು ಇಳಿಯುತ್ತದೆ, ಥೋರಿಯಂಗೆ ವಯಸ್ಸಾಗುವುದಿಲ್ಲ. 300 ಕೋಟಿ ವರ್ಷ ಸೋತು ಬಂದ ಪರಮಾಣುವಿಗೂ ಮುಂದಿನ ಟಾಸ್ ಮೊದಲನೆಯದರ ಹಾಗೇ.

ಇನ್ನು ಅದೇ ಮ್ಯಾಂಟಲಿನ ಇನ್ನೊಂದು ತುದಿ. ಥೋರಿಯಂ ಆಲ್ಫಾ ಉಗುಳಿ ರೇಡಿಯಂ ಆಗುತ್ತದೆ, ರೇಡಿಯಂ ಮುಂದೆ ಇನ್ನೇನೋ ಆಗುತ್ತದೆ. ಹೀಗೆ ತಲೆಮಾರು ಇಳಿಯುತ್ತ ಕೊನೆಯ ಹಂತಕ್ಕೆ ಬಂದಾಗ ಬಹುಪಾಲು ಪೊಲೋನಿಯಂ-212 ಮೂಲಕ ಹಾದು ಸೀಸದಲ್ಲಿ ನಿಲ್ಲುತ್ತದೆ. ಈ ಪೊಲೋನಿಯಂ ಸಿಡಿಸುವ ಆಲ್ಫಾದ ಶಕ್ತಿ ಸುಮಾರು 8.8 ಎಂಇವಿ. ಥೋರಿಯಂನದಕ್ಕೆ ಹೋಲಿಸಿದರೆ ಎರಡು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಗುಡ್ಡದ ನೆತ್ತಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ, 26 ಎಂಇವಿ. ಅರ್ಧಾಯು? ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಮೂರನೇ ಒಂದು. ಕಣ್ಣು ಮಿಟುಕಿಸುವುದು ಇದರ ಎದುರು ಒಂದು ಯುಗ.

ಒಂದು 1400 ಕೋಟಿ ವರ್ಷ, ಇನ್ನೊಂದು ಮೈಕ್ರೊಸೆಕೆಂಡಿಗೂ ಕಡಿಮೆ. ಎರಡರ ನಡುವೆ 24 ಸೊನ್ನೆಗಳ ಅಂತರ. ಕಾರಣ ಮತ್ತೆ ನಾಣ್ಯಗಳೇ. ಆಲ್ಫಾದ ಶಕ್ತಿ ಹೆಚ್ಚಿದರೆ ಎರಡು ಕಡೆಯಿಂದ ಲಾಭ. ತಲೆಯ ಮೇಲಿನ ಗುಡ್ಡದ ಎತ್ತರ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಳಿಜಾರು ಬಹಳ ಮುಂಚೆಯೇ ಆ ಮಟ್ಟಕ್ಕೆ ಬಂದುಬಿಡುತ್ತದೆ. ಥೋರಿಯಂನಲ್ಲಿ 62 ಫೆಮ್ಟೊಮೀಟರಿನವರೆಗೆ ಹೋಗಬೇಕಿತ್ತು, ಇಲ್ಲಿ 26ಕ್ಕೇ ಮುಗಿಯಿತು. ಬೇಕಾದ ನಾಣ್ಯಗಳು 129ರಿಂದ ಸುಮಾರು 48ಕ್ಕೆ ಇಳಿದವು. ನಾಣ್ಯಗಳ ಲೆಕ್ಕದಲ್ಲಿ ಮೂರು ಪಟ್ಟಿಗೂ ಕಡಿಮೆ ವ್ಯತ್ಯಾಸ. ಆದರೆ ಒಂದೊಂದು ನಾಣ್ಯ ಕಳೆದಾಗಲೂ ಸಂಭವ ದುಪ್ಪಟ್ಟಾಗುತ್ತದೆ, 81 ಸಲ ದುಪ್ಪಟ್ಟಾಗಿ ನೋಡಿ.

ಹೀಗೊಂದು ಸಂಬಂಧ ಇದೆ ಎಂಬುದು 1911ರಲ್ಲೇ ಗೊತ್ತಾಗಿತ್ತು. ಮ್ಯಾಂಚೆಸ್ಟರಿನಲ್ಲಿ ಗೈಗರ್ ಮತ್ತು ನಟಾಲ್, ಬೇಗ ಕ್ಷಯಿಸುವ ಧಾತುಗಳ ಆಲ್ಫಾ ಗಾಳಿಯಲ್ಲಿ ಹೆಚ್ಚು ದೂರ ಹೋಗುತ್ತದೆ, ನಿಧಾನದವುಗಳದ್ದು ಕಡಿಮೆ ದೂರ ಎಂದು ಅಳೆದು, ಲಾಗರಿತಮ್ ಹಾಕಿದರೆ ಸರಳರೇಖೆ ಬರುತ್ತದೆ ಎಂದು ತೋರಿಸಿದ್ದರು. ಅದೇ ಗೈಗರ್, ನಮ್ಮ ಲ್ಯಾಬಿನ ಕೌಂಟರಿಗೆ ಹೆಸರು ಕೊಟ್ಟವರು. ಆ ರೇಖೆ ಯಾಕೆ ಬರುತ್ತದೆ ಎಂಬುದಕ್ಕೆ 17 ವರ್ಷ ಯಾರಲ್ಲೂ ಕಾರಣ ಇರಲಿಲ್ಲ. ಗ್ಯಾಮೊ, ಗರ್ನಿ, ಕಾಂಡನ್ ಬರೆದ ಸಮೀಕರಣದಿಂದ ಅದು ತಾನೇ ತಾನಾಗಿ ಇಳಿದು ಬಂತು. ಹೊಸ ಸಿದ್ಧಾಂತವನ್ನು ಜನ ನಂಬಿದ್ದು ಆಲ್ಫಾ ಆಚೆ ಬರುತ್ತದೆ ಎಂದದ್ದಕ್ಕಲ್ಲ, ಎಷ್ಟು ಹೊತ್ತಿಗೆ ಬರುತ್ತದೆ ಎಂದು 24 ಸೊನ್ನೆಗಳ ಉದ್ದಕ್ಕೂ ಸರಿಯಾಗಿ ಹೇಳಿದ್ದಕ್ಕೆ.

ಆಚೆಯಿಂದ ಈಚೆಗೂ ಇದೇ ನಿಯಮ. ನಮ್ಮ ಮಲೆನಾಡಿನಲ್ಲಿ ಕಣ ಎಂದರೆ ಪ್ರೋಟಾನ್ ಅಲ್ಲ, ಕಾಫಿ ಒಣಗಿಸುವ ಅಂಗಳ. ಡಿಸೆಂಬರ್, ಜನವರಿಯಲ್ಲಿ ಕಣದ ತುಂಬ ಹಣ್ಣು ಹರವಿ ಬಿಸಿಲಿಗೆ ಕಾಯುತ್ತ ಕೂರುತ್ತೇವೆ. ಆ ಬಿಸಿಲು ಹುಟ್ಟುವುದು ಸೂರ್ಯನ ಒಡಲಲ್ಲಿ ಪ್ರೋಟಾನುಗಳು ಒಂದಕ್ಕೊಂದು ಬೆಸೆದಾಗ. ಬೆಸೆಯಬೇಕಾದರೆ ವಿಕರ್ಷಣೆಯ ಗುಡ್ಡವನ್ನು ಹೊರಗಿನಿಂದ ಒಳಕ್ಕೆ ದಾಟಬೇಕು. ಅಲ್ಲಿನ ಉಷ್ಣತೆ ಸುಮಾರು 1.5 ಕೋಟಿ ಡಿಗ್ರಿ. ಕೇಳಲು ಭಾರಿ ಎನಿಸುತ್ತದೆ, ಆದರೆ ಗುಡ್ಡದ ನೆತ್ತಿ ಮುಟ್ಟಲು ಅದರ ನೂರಾರು ಪಟ್ಟು ಬೇಕು. ಹಳೆಯ ಲೆಕ್ಕದ ಪ್ರಕಾರ ಸೂರ್ಯ ಉರಿಯಲೇಬಾರದು. ಗ್ಯಾಮೊ ಲೇಖನ ಬಂದ ಮರುವರ್ಷ, 1929ರಲ್ಲಿ, ಅಟ್ಕಿನ್ಸನ್ ಮತ್ತು ಹೌಟರ್‌ಮನ್ಸ್ ಅದೇ ಸಮೀಕರಣವನ್ನು ತಿರುಗಿಸಿ ಹಿಡಿದು, ನಕ್ಷತ್ರದೊಳಗಿನ ನ್ಯೂಕ್ಲಿಯಸ್ಸುಗಳೂ ಗುಡ್ಡ ಹತ್ತದೆ ಒಳಗೆ ಬರಬಲ್ಲವು ಎಂದು ತೋರಿಸಿದರು. ಒಳಗೆ ಬಂದ ಮೇಲೂ ಎರಡು ಪ್ರೋಟಾನುಗಳ ಪೈಕಿ ಒಂದು ಅದೇ ಕ್ಷಣದಲ್ಲಿ ನ್ಯೂಟ್ರಾನ್ ಆಗಿ ಬದಲಾಗಬೇಕು, ಅದು ಗುಡ್ಡಕ್ಕಿಂತ ಅಪರೂಪದ ಸಂಗತಿ. ಹಾಗಾಗಿ ಸೂರ್ಯನಿಗೆ ಯಾವ ಅವಸರವೂ ಇಲ್ಲ.

ಅವಸರ ಇರುವುದು ಅಪ್ಪನಿಗೆ. ಮೋಡ ಕಂಡರೆ ಸಾಕು, ಟಾರ್ಪಾಲು ಎಳೆಯಲು ಕೂಗುತ್ತಾರೆ.